ಪ್ರದರ್ಶನದ ಕೊನೆಯ ದಿನವನ್ನು ಬರೆದಿಡಿ

ಪ್ರಶ್ನೆ: ನಾನು ಜಮಖಂಡಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕಿ. ಬೆಳಗಾವಿ, ವಿಜಯಪುರ, ಧಾರವಾಡಗಳಲ್ಲಿ ನಡೆಯುವ ಕಲಾ ಪ್ರದರ್ಶನಗಳ ಸುದ್ದಿ ನನಗೆ ತಲುಪುವಷ್ಟರಲ್ಲಿ ಅವು ಮುಗಿದೇ ಹೋಗಿರುತ್ತವೆ. ಬೆಂಗಳೂರು, ಮುಂಬೈ, ಗೋವಾಗಳ ದೊಡ್ಡ ಪ್ರದರ್ಶನಗಳ ವಿಷಯ ಮೊದಲೇ ಗೊತ್ತಾದರೂ ‘ಇನ್ನೂ ದಿನವಿದೆ’ ಎಂದುಕೊಳ್ಳುತ್ತಲೇ ಅವಧಿ ಮುಗಿದುಬಿಡುತ್ತದೆ. ಕಲಾವಿದರ ಅನೇಕ ವಾಟ್ಸ್‌ಆ್ಯಪ್ ಗುಂಪುಗಳಲ್ಲಿದ್ದರೂ ಉಪಯೋಗವಾಗಿಲ್ಲ. ರಜೆಯೂ ಕಡಿಮೆ. ಪ್ರದರ್ಶನಗಳು ಕೈತಪ್ಪದಂತೆ ನೋಡಿಕೊಳ್ಳಲು ಕ್ರಮಬದ್ಧವಾದ ದಾರಿ ಇದೆಯೇ? ಒಮ್ಮೆಯಾದರೂ ಮಕ್ಕಳನ್ನು ಕರೆದೊಯ್ಯಬೇಕೆಂಬ ಆಸೆಯೂ ಇದೆ.

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ತೊಂದರೆಗಳು ಹೆಣೆದುಕೊಂಡಿವೆ, ಮೊದಲು ಅವನ್ನು ಬಿಡಿಸಿಕೊಳ್ಳೋಣ. ಹತ್ತಿರದ ಪ್ರದರ್ಶನಗಳ ಸುದ್ದಿ ತಡವಾಗಿ ಬರುತ್ತದೆ. ದೂರದವುಗಳ ಸುದ್ದಿ ಬೇಗ ಬಂದರೂ ಹೋಗುವುದು ತಪ್ಪುತ್ತದೆ. ಮೊದಲನೆಯದಕ್ಕೆ ಕಾರಣ ಸುದ್ದಿ ಹರಿದು ಬರುವ ದಾರಿ. ಎರಡನೆಯದಕ್ಕೆ ಕಾರಣ ನಾವು ಬರೆದಿಟ್ಟುಕೊಳ್ಳುವ ದಿನಾಂಕ. ಇನ್ನಷ್ಟು ಗುಂಪುಗಳಿಗೆ ಸೇರಿಕೊಂಡರೆ ಇವೆರಡರಲ್ಲಿ ಯಾವುದೂ ಸರಿಹೋಗದು. ನನ್ನ ಸಲಹೆಯನ್ನು ಆರಂಭದಲ್ಲಿಯೇ ಹೇಳಿಬಿಡುತ್ತೇನೆ: ಬಿಡಿ ಪ್ರದರ್ಶನಗಳನ್ನು ಹುಡುಕುತ್ತ ಹೋಗುವುದಕ್ಕಿಂತ ಅವು ನಡೆಯುವ ಸಭಾಂಗಣಗಳ ಮೇಲೆ ಕಣ್ಣಿಡಿ, ಮತ್ತು ಉದ್ಘಾಟನೆ ಎಂದಾದರೂ ಇರಲಿ, ಮುಕ್ತಾಯದ ದಿನವನ್ನು ಮೊದಲು ಗುರುತು ಹಾಕಿಕೊಳ್ಳಿ.

ನಮ್ಮ ಭಾಗದಲ್ಲಿ ಸಾಮಾನ್ಯ ಪ್ರದರ್ಶನವೊಂದು ಹೇಗೆ ನಡೆಯುತ್ತದೆಂದು ನೋಡಿ. ಕಲಾವಿದರು ತಮ್ಮ ಖರ್ಚಿನಲ್ಲಿ ಸಭಾಂಗಣವನ್ನು ಮೂರು ದಿನಕ್ಕೆ ಗೊತ್ತುಪಡಿಸಿಕೊಂಡಿರುತ್ತಾರೆ, ಏಕೆಂದರೆ ಅದಕ್ಕಿಂತ ಹೆಚ್ಚು ದಿನದ ಬಾಡಿಗೆ ಹೊರೆಯಾಗುತ್ತದೆ. ಶುಕ್ರವಾರ ಸಂಜೆ ಉದ್ಘಾಟನೆ. ಗಣ್ಯರು ಬಂದು ದೀಪ ಬೆಳಗಿಸುತ್ತಾರೆ, ಪತ್ರಿಕೆಯವರು ಫೋಟೊ ತೆಗೆದುಕೊಳ್ಳುತ್ತಾರೆ, ಶನಿವಾರ ಅಥವಾ ಭಾನುವಾರದ ಜಿಲ್ಲಾ ಪುಟದಲ್ಲಿ ವರದಿ ಬರುತ್ತದೆ. ಆ ವರದಿಯಲ್ಲಿ ಗಣ್ಯರ ಭಾಷಣದ ಸಾರಾಂಶವಿರುತ್ತದೆ, ಪ್ರದರ್ಶನ ಎಂದಿನವರೆಗೆ ತೆರೆದಿರುತ್ತದೆ ಎಂಬ ಮಾತು ಬಹುತೇಕ ಇರುವುದಿಲ್ಲ. ಜಿಲ್ಲಾ ಪುಟಗಳು ಜಿಲ್ಲೆಗೊಂದರಂತೆ ಬೇರೆಯಾಗಿರುವುದರಿಂದ ಬೆಳಗಾವಿಯ ಸುದ್ದಿ ಬಾಗಲಕೋಟೆ ಆವೃತ್ತಿಗೆ ಬರುವುದೇ ಅಪರೂಪ. ಅದೇ ವರದಿ ಯಾರದೋ ಮೊಬೈಲಿನಿಂದ ನಿಮ್ಮ ಗುಂಪಿಗೆ ಬರುವಾಗ ಸೋಮವಾರವಾಗಿರುತ್ತದೆ, ಅಲ್ಲಿ ಚಿತ್ರಗಳನ್ನು ಇಳಿಸಿ ಗೋಣಿತಟ್ಟಿನಲ್ಲಿ ಸುತ್ತಿಡುವ ಕೆಲಸ ಮುಗಿದಿರುತ್ತದೆ. ಪತ್ರಿಕೆಗಳನ್ನು ದೂರಿ ಫಲವಿಲ್ಲ. ನಡೆದದ್ದನ್ನು ಹೇಳುವುದು ವರದಿಯ ಕೆಲಸ. ನಡೆಯಲಿರುವುದನ್ನು ತಿಳಿಯಲು ನಾವು ಬೇರೆ ಕಡೆ ಕಿವಿ ಇಡಬೇಕು.

ಆಮಂತ್ರಣ ಪತ್ರಿಕೆಯಾದರೂ ಮೊದಲೇ ಬರುತ್ತದಲ್ಲ ಎನ್ನಬಹುದು. ನಿಮ್ಮ ಮೊಬೈಲಿನಲ್ಲಿರುವ ಯಾವುದಾದರೊಂದು ಆಮಂತ್ರಣವನ್ನು ತೆರೆದು ನೋಡಿ. ಮೇಲುಗಡೆ ಸಾನ್ನಿಧ್ಯ, ಅಧ್ಯಕ್ಷತೆ, ಉದ್ಘಾಟನೆ, ಮುಖ್ಯ ಅತಿಥಿಗಳು, ಗೌರವ ಉಪಸ್ಥಿತಿ ಎಂದು ದಪ್ಪ ಅಕ್ಷರಗಳ ಸಾಲು; ನಡುವೆ ಉದ್ಘಾಟನೆಯ ದಿನಾಂಕ ಮತ್ತು ಸಮಯ; ಕೆಳಗೆ, ‘ಸರ್ವರಿಗೂ ಆದರದ ಸ್ವಾಗತ’ ಎಂಬುದಕ್ಕೂ ಕೆಳಗೆ, ಕನ್ನಡಕ ಹಾಕಿಕೊಂಡು ಓದಬೇಕಾದ ಅಕ್ಷರದಲ್ಲಿ, ಪ್ರದರ್ಶನದ ಅವಧಿ ಮತ್ತು ವೀಕ್ಷಣೆಯ ವೇಳೆ. ಕೆಲವು ಪತ್ರಿಕೆಗಳಲ್ಲಿ ಅದೂ ಇರುವುದಿಲ್ಲ, ಇಸವಿಯೂ ಇರುವುದಿಲ್ಲ. ಹೋದ ವರ್ಷದ ಆಮಂತ್ರಣ ಈ ವರ್ಷ ಮತ್ತೆ ಸುತ್ತು ಹೊಡೆದು ಜನರನ್ನು ಮುಚ್ಚಿದ ಬಾಗಿಲಿನವರೆಗೆ ಕರೆದೊಯ್ದ ಪ್ರಸಂಗಗಳೂ ಉಂಟು. ಹೀಗೆ ಪತ್ರಿಕೆಯ ವಿನ್ಯಾಸವೇ ನಮ್ಮ ಗಮನವನ್ನು ಉದ್ಘಾಟನೆಯತ್ತ ತಿರುಗಿಸುತ್ತದೆ. ನಾವು ಆ ದಿನವನ್ನೇ ನೆನಪಿಟ್ಟುಕೊಂಡು, ಅಂದು ಹೋಗಲಾಗದಿದ್ದರೆ ‘ತಪ್ಪಿತು’ ಎಂದು ಕೈಬಿಡುತ್ತೇವೆ, ಇಲ್ಲವೇ ‘ಶುರುವಾಗಿದೆಯಷ್ಟೇ’ ಎಂದು ಮರೆತುಬಿಡುತ್ತೇವೆ. ಚಿತ್ರ ನೋಡುವ ಉದ್ದೇಶವಿದ್ದವರಿಗೆ ಉದ್ಘಾಟನೆಯ ಸಂಜೆ ಅಷ್ಟೇನೂ ಒಳ್ಳೆಯ ಹೊತ್ತಲ್ಲ ಎಂಬುದನ್ನೂ ಹೇಳಬೇಕು: ಕುರ್ಚಿಗಳು, ಹಾರತುರಾಯಿಗಳು, ಗುಂಪು ಫೋಟೊಗಳ ನಡುವೆ ಗೋಡೆಯೇ ಕಾಣುವುದಿಲ್ಲ.

ಆದ್ದರಿಂದ ಒಂದು ವಹಿ ಅಥವಾ ಮೊಬೈಲಿನ ಕ್ಯಾಲೆಂಡರ್ ತೆಗೆದುಕೊಂಡು ಪ್ರತಿ ಪ್ರದರ್ಶನವನ್ನೂ ಅದರ ಮುಕ್ತಾಯದ ದಿನದ ಮನೆಯಲ್ಲಿಯೇ ಬರೆಯಿರಿ. ‘ಇಂದು ಕೊನೆ’ ಎಂಬ ಎರಡು ಪದ, ಸ್ಥಳ, ವೀಕ್ಷಣೆಯ ವೇಳೆ, ವಾರದ ರಜೆ, ವಿಚಾರಿಸಬಹುದಾದ ದೂರವಾಣಿ ಸಂಖ್ಯೆ, ಇಷ್ಟು ಸಾಕು. ಬಾಡಿಗೆ ಸಭಾಂಗಣದ ಪ್ರದರ್ಶನವಾದರೆ ಕೊನೆಯ ದಿನದ ಹಿಂದಿನ ದಿನವನ್ನೇ ಕೊನೆಯೆಂದು ಬರೆದುಕೊಳ್ಳಿ. ಮರುದಿನ ಬೆಳಿಗ್ಗೆ ಮತ್ತೊಬ್ಬರು ತಮ್ಮ ಕೃತಿಗಳನ್ನು ತೂಗುಹಾಕಲು ಬರಬೇಕಾಗಿರುವುದರಿಂದ ಕೊನೆಯ ದಿನ ಮಧ್ಯಾಹ್ನದ ನಂತರವೇ ಇಳಿಸುವ ಕೆಲಸ ಶುರುವಾಗುವುದುಂಟು. ದೂರದ ಊರಿನ ಕಲಾವಿದರಾಗಿದ್ದರೆ ಸಂಜೆಯ ಬಸ್ಸಿಗೋ ರೈಲಿಗೋ ಹೊರಡುವ ಅವಸರದಲ್ಲಿರುತ್ತಾರೆ. ಸಂಜೆ ಏಳರವರೆಗೆ ಎಂದು ಅಚ್ಚಾಗಿದೆಯೆಂದು ನಂಬಿ ಐದಕ್ಕೆ ಹೋದವರು ಬರಿ ಮೊಳೆಗಳನ್ನು ನೋಡಿ ಬರಬೇಕಾಗುತ್ತದೆ.

ಮನೆಯ ಗೋಡೆಯಲ್ಲಿ ಶಾಬಾದಿಮಠದ ಕ್ಯಾಲೆಂಡರೋ ಕಾಲನಿರ್ಣಯವೋ ಇರುತ್ತದಲ್ಲ, ಅದರ ಮೇಲೆ ಗುರುತು ಹಾಕುವುದು ಮೊಬೈಲಿಗಿಂತ ಒಂದು ವಿಷಯದಲ್ಲಿ ಮೇಲು: ಹುಣ್ಣಿಮೆ, ಜಾತ್ರೆ, ಮನೆಯ ಶುಭಕಾರ್ಯ, ಶಾಲೆಯ ಪರೀಕ್ಷೆ ಎಲ್ಲವೂ ಅದೇ ಹಾಳೆಯಲ್ಲಿರುವುದರಿಂದ ಯಾವ ವಾರ ನಿಜವಾಗಿಯೂ ಬಿಡುವಿದೆ ಎಂಬುದು ಒಂದೇ ನೋಟಕ್ಕೆ ಕಾಣುತ್ತದೆ. ನೆನಪಿಸುವ ಕೆಲಸಕ್ಕೆ ಮಾತ್ರ ಮೊಬೈಲ್ ಬೇಕು.

ಇನ್ನು ಸುದ್ದಿ ಮೊದಲೇ ಸಿಗುವ ದಾರಿಗಳು. ಪ್ರದರ್ಶನದ ವಿಷಯ ಪತ್ರಿಕೆಗಿಂತ, ಆಮಂತ್ರಣಕ್ಕಿಂತ ಮೊದಲು ಗೊತ್ತಾಗುವುದು ಸಭಾಂಗಣದ ಬುಕಿಂಗ್ ವಹಿಗೆ. ಎಷ್ಟೋ ಸಭಾಂಗಣಗಳಲ್ಲಿ ತಿಂಗಳುಗಳ ಮೊದಲೇ ಮುಂಗಡ ಹಣ ಕಟ್ಟಿ ದಿನ ಗೊತ್ತುಪಡಿಸಿಕೊಂಡಿರುತ್ತಾರೆ. ಆ ವಹಿ ಯಾರ ಬಳಿ ಇರುತ್ತದೆಯೋ ಆ ವ್ಯವಸ್ಥಾಪಕರನ್ನು ಒಮ್ಮೆ ಭೇಟಿಯಾಗಿ ಪರಿಚಯ ಮಾಡಿಕೊಳ್ಳಿ, ನಂತರ ತಿಂಗಳ ಮೊದಲ ವಾರದಲ್ಲಿ ಒಂದು ಫೋನ್ ಮಾಡಿ ‘ಈ ತಿಂಗಳು, ಮುಂದಿನ ತಿಂಗಳು ಚಿತ್ರ ಪ್ರದರ್ಶನ ಯಾವುದಿದೆ’ ಎಂದು ಕೇಳಿ. ನಾನು ಬಲ್ಲ ಮಟ್ಟಿಗೆ ಇದನ್ನು ಯಾರೂ ಬೇಸರಿಸಿಕೊಳ್ಳುವುದಿಲ್ಲ. ನೋಡುವವರು ಕೇಳಿಕೊಂಡು ಬರುತ್ತಾರೆಂದರೆ ಅವರಿಗೂ ಸಂತೋಷವೇ. ಎರಡನೆಯ ಮೂಲವನ್ನು ಹೊರಗಿನವರು ಊಹಿಸುವುದಿಲ್ಲ: ಚಿತ್ರಗಳಿಗೆ ಫ್ರೇಮ್ ಹಾಕುವ ಅಂಗಡಿ. ಪ್ರದರ್ಶನಕ್ಕೆ ಕೆಲವು ವಾರ ಮೊದಲು ಇಪ್ಪತ್ತು ಮೂವತ್ತು ಕೃತಿಗಳು ಒಟ್ಟಿಗೆ ಫ್ರೇಮಿಗೆ ಬಂದವೆಂದರೆ ಯಾರದೋ ಪ್ರದರ್ಶನ ಹತ್ತಿರ ಬಂತೆಂದೇ ಅರ್ಥ. ನಿಮ್ಮ ಶಾಲೆಯ ಚಿತ್ರಗಳಿಗೆ ಫ್ರೇಮ್ ಹಾಕಿಸುವ ಅಂಗಡಿಯವರನ್ನು ಕೇಳಿ ನೋಡಿ, ಆಶ್ಚರ್ಯಪಡುವಷ್ಟು ಸುದ್ದಿ ಅವರಲ್ಲಿರುತ್ತದೆ. ಮೂರನೆಯದು, ಕೃತಿಗಳನ್ನು ಆಹ್ವಾನಿಸುವ ಪ್ರಕಟಣೆ. 1964ರಲ್ಲಿ ಸ್ಥಾಪನೆಯಾದ ಕರ್ನಾಟಕ ಲಲಿತಕಲಾ ಅಕಾಡೆಮಿಯಾಗಲಿ, 1888ರಷ್ಟು ಹಳೆಯದಾದ ಬಾಂಬೆ ಆರ್ಟ್ ಸೊಸೈಟಿಯಾಗಲಿ ವಾರ್ಷಿಕ ಪ್ರದರ್ಶನ ನಡೆಸುವ ಮೊದಲು ಕಲಾವಿದರಿಂದ ಕೃತಿಗಳನ್ನು ಕರೆಯುತ್ತವೆ. ನೀವು ಕೃತಿ ಕಳುಹಿಸದಿದ್ದರೂ ಆ ಪ್ರಕಟಣೆಯನ್ನು ಕತ್ತರಿಸಿಟ್ಟುಕೊಳ್ಳಿ. ಪ್ರದರ್ಶನ ಅದರ ಹಿಂದೆಯೇ ಬರುತ್ತದೆ.

ನಮ್ಮ ಸುತ್ತಲಿನ ಜಿಲ್ಲೆಗಳ ಮಟ್ಟಿಗೆ ಹೇಳುವುದಾದರೆ, ಕಣ್ಣಿಡಬೇಕಾದ ಸ್ಥಳಗಳ ಪಟ್ಟಿ ದೊಡ್ಡದಿಲ್ಲ, ಹಾಗಾಗಿಯೇ ಕೆಲಸ ಸುಲಭ. ಬೆಳಗಾವಿಯ ಟಿಳಕವಾಡಿಯಲ್ಲಿ ವರೇರಕರ ನಾಟ್ಯ ಸಂಘದ ಕಟ್ಟಡದಲ್ಲಿ ಕೆ.ಬಿ. ಕುಲಕರ್ಣಿ ಅವರ ಹೆಸರಿನ ಕಲಾ ಗ್ಯಾಲರಿ ಇದೆ. ಕುಲಕರ್ಣಿ ಮಾಸ್ತರರು ಬೆಳಗಾವಿಯಲ್ಲಿ ಚಿತ್ರಮಂದಿರವೆಂಬ ಕಲಾಶಾಲೆಯನ್ನು ಕಟ್ಟಿ ತಲೆಮಾರುಗಳಿಗೆ ಕಲಿಸಿದವರು. 2022ರಲ್ಲಿ ತೀರಿಕೊಂಡ ಪ್ರಸಿದ್ಧ ಚಿತ್ರಕಾರ ರವಿ ಪರಾಂಜಪೆ ಈ ಕುಲಕರ್ಣಿ ಮಾಸ್ತರರ ಶಿಷ್ಯರೇ. ಆ ಪರಂಪರೆಯ ಕಾರಣದಿಂದಲೇ ಬೆಳಗಾವಿಯಲ್ಲಿ ಭಾವಚಿತ್ರ ಮತ್ತು ನಿಸರ್ಗಚಿತ್ರಗಳ ಪ್ರದರ್ಶನಗಳು ಇಂದಿಗೂ ಹೆಚ್ಚು. ಇಲ್ಲಿನ ಅನೇಕ ಪ್ರದರ್ಶನಗಳ ಪ್ರಕಟಣೆ ಮೊದಲು ಮರಾಠಿ ಪತ್ರಿಕೆಗಳಲ್ಲಿ ಬರುತ್ತದೆ. ಕನ್ನಡ ಪತ್ರಿಕೆಗಳನ್ನಷ್ಟೇ ಓದುವವರಿಗೆ ಅರ್ಧ ಸುದ್ದಿ ಸಿಗದೇ ಹೋಗಲು ಅದೂ ಒಂದು ಕಾರಣ. ಮರಾಠಿ ಓದಬಲ್ಲ ಸಹೋದ್ಯೋಗಿ ನಿಮ್ಮ ಶಾಲೆಯಲ್ಲಿದ್ದರೆ ‘ಚಿತ್ರಪ್ರದರ್ಶನ’ ಎಂಬ ಶೀರ್ಷಿಕೆ ಕಂಡಾಗ ತಿಳಿಸುವಂತೆ ಹೇಳಿಡಿ.

ಧಾರವಾಡದಲ್ಲಿ ಸರ್ಕಾರಿ ಚಿತ್ರಕಲಾ ಮಹಾವಿದ್ಯಾಲಯದ ಆವರಣದ ಹಾಲಭಾವಿ ಆರ್ಟ್ ಗ್ಯಾಲರಿಯನ್ನು ಬಿಡಬೇಡಿ. ಚಿತ್ರಕಲಾ ಕಾಲೇಜುಗಳ ಅಂತಿಮ ವರ್ಷದ ವಿದ್ಯಾರ್ಥಿಗಳ ಕೃತಿಗಳ ಪ್ರದರ್ಶನವನ್ನು ಯಾರೂ ಪ್ರಚಾರ ಮಾಡುವುದಿಲ್ಲ, ಆದರೆ ಶಿಕ್ಷಕರಿಗೆ ಅದಕ್ಕಿಂತ ಉಪಯುಕ್ತವಾದದ್ದು ಇನ್ನೊಂದಿಲ್ಲವೆಂದು ನನ್ನ ಅಭಿಪ್ರಾಯ. ನಿಮ್ಮ ಹತ್ತನೆಯ ತರಗತಿಯ ಮಕ್ಕಳು ಐದಾರು ವರ್ಷಗಳಲ್ಲಿ ಎಲ್ಲಿಗೆ ತಲುಪಬಹುದೆಂಬುದು ಅಲ್ಲಿ ಕಾಣುತ್ತದೆ. ಪರೀಕ್ಷೆಗಳ ವೇಳಾಪಟ್ಟಿಗೆ ಹೊಂದಿಕೊಂಡು ಅದರ ದಿನ ಬದಲಾಗುವುದರಿಂದ ಕಾಲೇಜಿನ ಒಬ್ಬ ಅಧ್ಯಾಪಕರ ಪರಿಚಯವಿರುವುದು ಒಳ್ಳೆಯದು. ಬಾದಾಮಿಯ ಬನಶಂಕರಿಯಲ್ಲಿ ಕನ್ನಡ ವಿಶ್ವವಿದ್ಯಾಲಯದ ಶಿಲ್ಪ ಮತ್ತು ವರ್ಣಚಿತ್ರ ಕೇಂದ್ರವಿದೆ, ಅಲ್ಲಿಯೂ ಇದೇ ಮಾತು.

ಉತ್ಸವಗಳ ವಿಷಯದಲ್ಲಿ ಎಚ್ಚರ ಬೇಕು. ಕಿತ್ತೂರು ಉತ್ಸವ ಅಕ್ಟೋಬರ್ 23ರಿಂದ 25ರವರೆಗೆ ನಡೆಯುವುದೆಂದು ಗೊತ್ತಿರುವುದರಿಂದ ಅದನ್ನು ಕ್ಯಾಲೆಂಡರಿನಲ್ಲಿ ವರ್ಷವರ್ಷವೂ ಮರುಕಳಿಸುವಂತೆ ಹಾಕಿಡಬಹುದು. ಚಾಲುಕ್ಯ ಉತ್ಸವ, ನವರಸಪುರ ಉತ್ಸವಗಳಿಗೆ ಅಂಥ ನಿಶ್ಚಿತ ದಿನವಿಲ್ಲ, ಎಲ್ಲ ವರ್ಷವೂ ನಡೆಯುವುದೂ ಇಲ್ಲ. ಇಂಥ ಉತ್ಸವಗಳಲ್ಲಿ ಚಿತ್ರ ಪ್ರದರ್ಶನವಿದ್ದರೂ ಅದು ಮುಖ್ಯ ವೇದಿಕೆಯಿಂದ ದೂರದ ಮಳಿಗೆಯೊಂದರಲ್ಲಿ ಹಗಲು ಹೊತ್ತಿನಲ್ಲಿ ತೆರೆದಿರುತ್ತದೆ. ರಾತ್ರಿಯ ಗಾಯನ ಕೇಳಲು ಹೋದವರಿಗೆ ಕಾಣುವುದಿಲ್ಲ. ಪುರಾತತ್ವ ಇಲಾಖೆ ಆಚರಿಸುವ ವಿಶ್ವ ಪರಂಪರೆ ದಿನ ಏಪ್ರಿಲ್ 18, ವಿಶ್ವ ಪರಂಪರೆ ಸಪ್ತಾಹ ನವೆಂಬರ್ 19ರಿಂದ 25. ಆ ದಿನಗಳಲ್ಲಿ ಸ್ಮಾರಕಗಳ ಆವರಣದಲ್ಲಿ ಛಾಯಾಚಿತ್ರ ಪ್ರದರ್ಶನಗಳನ್ನು ಏರ್ಪಡಿಸುವ ವಾಡಿಕೆ ಇದೆ. ಇವೂ ಕ್ಯಾಲೆಂಡರಿಗೆ ಒಮ್ಮೆ ಹಾಕಿದರೆ ಮುಗಿಯಿತು.

ದೂರದ ಪ್ರದರ್ಶನಗಳಿಗೆ ಬರೋಣ. ಇಲ್ಲಿ ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ಹಾಕುವುದರಿಂದ ಗೊಂದಲವಾಗುತ್ತದೆ. ಅವಧಿಯ ಪ್ರಕಾರ ಬೇರೆ ಮಾಡಿಕೊಂಡರೆ ಪ್ರತಿಯೊಂದಕ್ಕೂ ಬೇಕಾದ ಸಿದ್ಧತೆ ತಾನಾಗಿಯೇ ತಿಳಿಯುತ್ತದೆ.

ಒಂದೇ ದಿನದ್ದಕ್ಕೆ ಉತ್ತಮ ಉದಾಹರಣೆ ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ. ಕುಮಾರಕೃಪಾ ರಸ್ತೆಯ ಉದ್ದಕ್ಕೂ ನಡೆಯುವ ಈ ಸಂತೆ 2023ರಲ್ಲಿ ಜನವರಿ 8ರಂದು, 2024ರಲ್ಲಿ ಜನವರಿ 7ರಂದು, 2025ರಲ್ಲಿ ಜನವರಿ 5ರಂದು ನಡೆಯಿತು. ಮೂರೂ ಭಾನುವಾರಗಳೇ, ಮೂರೂ ತಿಂಗಳ ಆರಂಭದವೇ. ಹೀಗಿರುವಾಗ ಮುಂದಿನ ವರ್ಷದ್ದು ಯಾವಾಗ ಎಂದು ಪತ್ರಿಕೆಯಲ್ಲಿ ಬರುವವರೆಗೆ ಕಾಯುವ ಅಗತ್ಯವೇನಿದೆ? ಕಾಯಬಾರದೆನ್ನಲು ಇನ್ನೊಂದು ಕಾರಣವೂ ಇದೆ. 2024ರ ನವೆಂಬರ್ 1ರಿಂದ ರೈಲ್ವೆ ಮುಂಗಡ ಕಾಯ್ದಿರಿಸುವಿಕೆಯ ಅವಧಿ 120 ದಿನಗಳಿಂದ 60 ದಿನಗಳಿಗೆ ಇಳಿದಿದೆ. ಜನವರಿ ಮೊದಲ ವಾರದ ಟಿಕೆಟು ನವೆಂಬರ್ ಮೊದಲ ವಾರದಲ್ಲಿ ತೆರೆಯುತ್ತದೆ. ವರ್ಷಾರಂಭದ ಓಡಾಟದ ಕಾರಣ ಬೇಗನೆ ತುಂಬಿಹೋಗುತ್ತದೆ. ನಿಮ್ಮ ಕ್ಯಾಲೆಂಡರಿನಲ್ಲಿ ‘ಚಿತ್ರಸಂತೆ’ ಎಂಬ ನೆನಪು ಬರಬೇಕಾದದ್ದು ಜನವರಿಯಲ್ಲಲ್ಲ, ದೀಪಾವಳಿಯ ಆಸುಪಾಸಿನಲ್ಲಿ. ಶನಿವಾರ ಬೆಳಗಿನ ಶಾಲೆ ಮುಗಿಸಿ ವಿಜಯಪುರದಲ್ಲೋ ಬಾಗಲಕೋಟೆಯಲ್ಲೋ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದರೆ ಭಾನುವಾರದ ಹಗಲೆಲ್ಲ ನಿಮ್ಮದು, ಸೋಮವಾರಕ್ಕೆ ಒಂದು ರಜೆ ಸಾಕು. ಹೋದದ್ದಕ್ಕೆ ಸೋಮವಾರವೂ ಉಳಿದು ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವನ್ನೋ ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ, ಕಲೆ ಮತ್ತು ಛಾಯಾಚಿತ್ರಗಳ ಮ್ಯಾಪ್ ಸಂಗ್ರಹಾಲಯವನ್ನೋ ನೋಡಿ ಬರೋಣವೆಂದು ಯೋಚಿಸಬೇಡಿ; ಎರಡಕ್ಕೂ ಸೋಮವಾರ ರಜೆ.

ಒಂದು ವಾರದ ಪ್ರದರ್ಶನಗಳ ಮಾದರಿ ಮುಂಬೈಯ ಜಹಾಂಗೀರ್ ಆರ್ಟ್ ಗ್ಯಾಲರಿ. 1952ರಲ್ಲಿ ಆರಂಭವಾದ ಈ ಗ್ಯಾಲರಿಯಲ್ಲಿ ಸಾಮಾನ್ಯವಾಗಿ ಮಂಗಳವಾರ ಒಂದು ಪ್ರದರ್ಶನ ಶುರುವಾಗಿ ಮುಂದಿನ ಸೋಮವಾರ ಮುಗಿಯುತ್ತದೆ, ಮರುದಿನ ಹೊಸಬರು. ಅಲ್ಲಿ ಗೋಡೆ ಸಿಗಲು ಕಲಾವಿದರು ವರ್ಷಗಟ್ಟಲೆ ಕಾಯುತ್ತಾರೆ, ಆದ್ದರಿಂದ ಯಾರ ಸರದಿ ಯಾವ ವಾರ ಎಂಬುದು ಬಹಳ ಮೊದಲೇ ನಿಗದಿಯಾಗಿರುತ್ತದೆ. ನಿಮ್ಮ ಪರಿಚಯದ ಕಲಾವಿದರ ಸರದಿಯಿದ್ದರೆ ಅವರಿಂದಲೇ ದಿನಾಂಕ ತಿಳಿದುಕೊಳ್ಳಬಹುದು. ವಾರದ ಚಕ್ರ ಹೀಗಿರುವುದರಿಂದ ಶನಿವಾರ, ಭಾನುವಾರ ಯಾವಾಗ ಹೋದರೂ ಪ್ರದರ್ಶನ ನಡುಮಧ್ಯದಲ್ಲಿರುತ್ತದೆ ಎಂಬುದು ಊರಿನಿಂದ ಹೋಗುವವರಿಗೆ ಅನುಕೂಲ. ಗೋವಾದ ಪಣಜಿಯಲ್ಲಿ 2016ರಿಂದ ಡಿಸೆಂಬರಿನಲ್ಲಿ ನಡೆಯುತ್ತಿರುವ ಸೆರೆಂಡಿಪಿಟಿ ಕಲಾ ಉತ್ಸವವೂ, ಮುಂಬೈಯಲ್ಲಿ ಜನವರಿ ಕೊನೆ, ಫೆಬ್ರುವರಿ ಆರಂಭದ ಆಸುಪಾಸಿನಲ್ಲಿ ನಡೆಯುವ ಕಾಲಾಘೋಡಾ ಉತ್ಸವವೂ ಹೆಚ್ಚುಕಡಿಮೆ ಈ ಗುಂಪಿಗೇ ಸೇರುತ್ತವೆ.

ತಿಂಗಳುಗಟ್ಟಲೆ ನಡೆಯುವವು ಮೂರನೆಯ ಗುಂಪು, ಅತಿ ಹೆಚ್ಚು ತಪ್ಪಿಹೋಗುವವು ಇವೇ. ಸಂಗ್ರಹಾಲಯಗಳ ವಿಶೇಷ ಪ್ರದರ್ಶನಗಳು ಹಾಗೂ ಕೇರಳದಲ್ಲಿ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಕಲಾ ಪ್ರದರ್ಶನವಾದ ಕೊಚ್ಚಿ-ಮುಜಿರಿಸ್ ಬಿನಾಲೆ ಈ ಜಾತಿಯವು. 2012ರ ಡಿಸೆಂಬರ್ 12ರಂದು ಆರಂಭವಾದ ಬಿನಾಲೆ ಡಿಸೆಂಬರಿನಲ್ಲಿ ತೆರೆದು ಮೂರು ತಿಂಗಳಿಗೂ ಹೆಚ್ಚು ಕಾಲ ನಡೆಯುತ್ತದೆ. ಇಷ್ಟು ದಿನವಿದೆ ಎಂಬ ಧೈರ್ಯವೇ ಅದು ಕೈತಪ್ಪಲು ಕಾರಣ: ಡಿಸೆಂಬರಿನಲ್ಲಿ ‘ಜನವರಿಯಲ್ಲಿ ನೋಡೋಣ’, ಜನವರಿಯಲ್ಲಿ ‘ಶಾಲೆಯ ವಾರ್ಷಿಕೋತ್ಸವ ಮುಗಿಯಲಿ’, ಫೆಬ್ರುವರಿಯಲ್ಲಿ ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆ, ಮಾರ್ಚಿನಲ್ಲಿ ಮುಖ್ಯ ಪರೀಕ್ಷೆ. ಇಂಥವುಗಳಿಗೆ ಒಂದೇ ಉಪಾಯ, ಸುದ್ದಿ ತಿಳಿದ ವಾರವೇ ಹೋಗುವ ದಿನವನ್ನು ಗೊತ್ತುಮಾಡಿ ಟಿಕೆಟು ತೆಗೆದುಬಿಡುವುದು. ಮುಕ್ತಾಯಕ್ಕೆ ಆರು ವಾರ ಉಳಿದಿರುವಾಗ ಒಂದು ಎಚ್ಚರಿಕೆ, ಮೂರು ವಾರ ಉಳಿದಿರುವಾಗ ಇನ್ನೊಂದು ಎಚ್ಚರಿಕೆ ಬರುವಂತೆ ಇಟ್ಟುಕೊಳ್ಳಿ. ಎರಡನೆಯದು ಬಂದಾಗಲೂ ಟಿಕೆಟು ಇಲ್ಲದಿದ್ದರೆ ಆ ಪ್ರದರ್ಶನವನ್ನು ಪಟ್ಟಿಯಿಂದ ಹೊಡೆದುಹಾಕಿ. ನೋಡಲಾಗದ್ದನ್ನು ಪಟ್ಟಿಯಲ್ಲಿ ಇಟ್ಟುಕೊಂಡರೆ ಉಳಿದವುಗಳ ಮೇಲಿನ ಗಮನವೂ ಸಡಿಲಾಗುತ್ತದೆ.

ರಜೆ ಕಡಿಮೆ ಎಂದು ಬರೆದಿದ್ದೀರಿ. ಅದಕ್ಕಿಂತ ದೊಡ್ಡ ತೊಡಕು, ನಿಮ್ಮ ರಜೆಗಳೂ ಕಲಾಲೋಕದ ಸುಗ್ಗಿಯೂ ಹೊಂದುವುದಿಲ್ಲ ಎಂಬುದು. ನಮ್ಮ ದೇಶದಲ್ಲಿ ಪ್ರದರ್ಶನಗಳ ಭರಾಟೆ ಅಕ್ಟೋಬರಿನಿಂದ ಮಾರ್ಚಿನವರೆಗೆ. ಬೇಸಿಗೆಯಲ್ಲಿ, ಅಂದರೆ ನಿಮಗೆ ದೀರ್ಘ ರಜೆ ಇರುವಾಗ, ಗ್ಯಾಲರಿಗಳು ಬಹುಮಟ್ಟಿಗೆ ಮಂದವಾಗಿರುತ್ತವೆ. ಆದ್ದರಿಂದ ದಸರಾ ರಜೆಯನ್ನು ದೂರದ ಸಂಗ್ರಹಾಲಯಗಳಿಗೆ, ನಡುವಿನ ಭಾನುವಾರಗಳನ್ನು ವಿಜಯಪುರ, ಬೆಳಗಾವಿ, ಧಾರವಾಡಗಳಿಗೆ ಹಂಚಿಕೊಳ್ಳಿ. ಬೇಸಿಗೆ ರಜೆಯಲ್ಲಿ ಅವಧಿ ಮುಗಿಯುವ ಭಯವಿಲ್ಲದ ಕಾಯಂ ಸಂಗ್ರಹಗಳನ್ನು ನೋಡಬಹುದು. ಹೈದರಾಬಾದಿನ ಸಾಲಾರ್ ಜಂಗ್ ಸಂಗ್ರಹಾಲಯ ಅದಕ್ಕೆ ತಕ್ಕದ್ದು, ಶುಕ್ರವಾರ ಮಾತ್ರ ಅದಕ್ಕೆ ರಜೆ.

ಮೊಬೈಲಿನ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಗೂಗಲ್ ಕ್ಯಾಲೆಂಡರಿನಲ್ಲಿ ಪ್ರದರ್ಶನಗಳಿಗೆಂದೇ ಬೇರೊಂದು ಕ್ಯಾಲೆಂಡರ್ ತೆರೆದು ಅದಕ್ಕೆ ಬೇರೆ ಬಣ್ಣ ಕೊಡಿ. ಇಬ್ಬರು ಮೂವರು ಶಿಕ್ಷಕರೊಡನೆ ಅದನ್ನು ಹಂಚಿಕೊಂಡರೆ ಯಾರಿಗೆ ಸುದ್ದಿ ಸಿಕ್ಕರೂ ಎಲ್ಲರಿಗೂ ಸಿಕ್ಕಂತೆ. ಒಂದು ನಮೂದಿಗೆ ಹೆಚ್ಚೆಂದರೆ ನಾಲ್ಕು ವಾರ ಮೊದಲಿನ ಎಚ್ಚರಿಕೆಯನ್ನಷ್ಟೇ ಇಡಬಹುದಾದ್ದರಿಂದ ರೈಲು ಟಿಕೆಟಿನ ನೆನಪಿಗೂ ಆರು ವಾರ ಮೊದಲಿನ ನೆನಪಿಗೂ ಪ್ರತ್ಯೇಕ ನಮೂದು ಬೇಕು. ಗೂಗಲ್ ಅಲರ್ಟ್ಸ್‌ನಲ್ಲಿ ‘ಚಿತ್ರಕಲಾ ಪ್ರದರ್ಶನ’ ಎಂಬುದನ್ನು ಊರಿನ ಹೆಸರಿನೊಡನೆ ಕೊಟ್ಟು, ವಾರಕ್ಕೊಮ್ಮೆ ಇ-ಮೇಲ್ ಬರುವಂತೆ ಮಾಡಿಕೊಳ್ಳಿ. 2014ರಲ್ಲಿ ಊರುಗಳ ಹೆಸರು ಅಧಿಕೃತವಾಗಿ ಬದಲಾದರೂ ಬೆಳಗಾಂ, ವಿಜಾಪುರ, ಬಿಜಾಪುರ ಎಂದೇ ಬರೆಯುವವರು ಇನ್ನೂ ಇದ್ದಾರೆ. ಅವುಗಳಿಗೂ ಒಂದೊಂದು ಅಲರ್ಟ್ ಇರಲಿ. ಇನ್‌ಸ್ಟಾಗ್ರಾಮಿನಲ್ಲಿ ಕಲಾವಿದರಿಗಿಂತ ಮೊದಲು ಗ್ಯಾಲರಿಗಳನ್ನು ಹಿಂಬಾಲಿಸಿ ಗಂಟೆಯ ಗುರುತನ್ನು ಒತ್ತಿಡಿ. ಸ್ಟೋರಿಗಳಲ್ಲಿ ಬಂದದ್ದು 24 ಗಂಟೆಗಳಲ್ಲಿ ಮಾಯವಾಗುವುದರಿಂದ ಕಂಡ ಕೂಡಲೇ ದಿನಾಂಕವನ್ನು ಬರೆದುಕೊಳ್ಳಬೇಕು.

ವಾಟ್ಸ್‌ಆ್ಯಪ್ ಗುಂಪುಗಳಿಂದ ಹೊರಬನ್ನಿ ಎಂದು ನಾನು ಹೇಳುವುದಿಲ್ಲ. ಶುಭೋದಯ, ಹುಟ್ಟುಹಬ್ಬ, ಅಭಿನಂದನೆಗಳ ನಡುವೆ ವಾರಕ್ಕೊಂದು ಆಮಂತ್ರಣವಾದರೂ ಅಲ್ಲಿ ಇದ್ದೇ ಇರುತ್ತದೆ. ಆದರೆ ಅಲ್ಲಿ ಕಂಡದ್ದನ್ನು ‘ಆಮೇಲೆ ನೋಡಿದರಾಯಿತು’ ಎಂದು ಬಿಟ್ಟರೆ ಮತ್ತೆ ಸಿಗದು. ಆಮಂತ್ರಣ ಕಂಡೊಡನೆ ಅದನ್ನು ನಿಮ್ಮದೇ ಸಂಖ್ಯೆಗೆ ಕಳುಹಿಸಿಕೊಳ್ಳಿ, ಅಂದು ರಾತ್ರಿಯೇ ಮುಕ್ತಾಯದ ದಿನವನ್ನು ಕ್ಯಾಲೆಂಡರಿಗೆ ಏರಿಸಿ ಸಂದೇಶವನ್ನು ಅಳಿಸಿಬಿಡಿ. ಅವಧಿ ನಮೂದಾಗಿಲ್ಲದಿದ್ದರೆ ಗುಂಪಿನಲ್ಲಿಯೇ ‘ಎಂದಿನವರೆಗೆ?’ ಎಂದು ಕೇಳಿ. ನಿಮ್ಮಂತೆ ಕೇಳಬೇಕೆಂದು ಸುಮ್ಮನಿದ್ದವರು ಇನ್ನೂ ಹಲವರಿರುತ್ತಾರೆ, ಕಲಾವಿದರೂ ಮುಂದಿನ ಸಲ ಅದನ್ನು ದೊಡ್ಡ ಅಕ್ಷರದಲ್ಲಿ ಹಾಕಿಸಬಹುದು.

ಹೊರಡುವ ಹಿಂದಿನ ದಿನ ಒಂದು ಫೋನ್ ಮಾಡುವುದನ್ನು ಕಡ್ಡಾಯ ಮಾಡಿಕೊಳ್ಳಿ. ಗಣ್ಯರ ನಿಧನದ ಸರ್ಕಾರಿ ರಜೆ, ಬಂದ್, ಚುನಾವಣೆಗೆಂದು ಸಭಾಂಗಣ ವಶಕ್ಕೆ ಪಡೆಯುವುದು, ಹೀಗೆ ಕಾರಣಗಳು ಹಲವು. ದೊಡ್ಡ ಸಂಸ್ಥೆಗಳೂ ಇದಕ್ಕೆ ಹೊರತಲ್ಲ: 2022ರ ಬಿನಾಲೆ ಡಿಸೆಂಬರ್ 12ಕ್ಕೆ ತೆರೆಯಬೇಕಿದ್ದು, ಕೊನೆಯ ಗಳಿಗೆಯಲ್ಲಿ 23ಕ್ಕೆ ಮುಂದೆ ಹೋಯಿತು. ಆರಂಭದ ವಾರಕ್ಕೆ ಟಿಕೆಟು ತೆಗೆದವರು ಪೇಚಾಡಿದರು. ಆದ್ದರಿಂದ ದೊಡ್ಡ ಪ್ರದರ್ಶನಗಳಿಗೆ ಮೊದಲ ವಾರವನ್ನೂ ಕೊನೆಯ ವಾರವನ್ನೂ ಬಿಟ್ಟು ನಡುವಿನ ದಿನಗಳನ್ನು ಆರಿಸಿಕೊಳ್ಳುವುದು ಜಾಣತನ.

ಇಷ್ಟೆಲ್ಲ ಮಾಡಿದರೂ ಕೆಲವು ತಪ್ಪಿಯೇ ತಪ್ಪುತ್ತವೆ. ಕೆಲವಂತೂ ನಮ್ಮ ಕೈಗೆ ಎಟಕುವ ದೂರದಲ್ಲೇ ಇರುವುದಿಲ್ಲ. ನಮ್ಮ ವಿಜಯಪುರದ ಆದಿಲ್‌ಶಾಹಿ ಕಾಲದ ಚಿತ್ರಗಳನ್ನೂ ಒಳಗೊಂಡ ದಖ್ಖನಿ ಸುಲ್ತಾನರ ಕಲೆಯ ಮಹಾಪ್ರದರ್ಶನವೊಂದು 2015ರ ಏಪ್ರಿಲ್ 20ರಿಂದ ಜುಲೈ 26ರವರೆಗೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ನಡೆಯಿತು. ವಿಜಯಪುರದವರಿಗೆ ಅದನ್ನು ಹೋಗಿ ನೋಡುವ ಮಾತೆಲ್ಲಿ? ಆದರೆ ಆ ಸಂಗ್ರಹಾಲಯ ತನ್ನ ಬಳಿಯಿರುವ, ಹಕ್ಕುಸ್ವಾಮ್ಯ ಮುಗಿದ ಕೃತಿಗಳ ಸ್ಪಷ್ಟ ಚಿತ್ರಗಳನ್ನು 2017ರಿಂದ ಉಚಿತವಾಗಿ ಬಳಸಲು ಬಿಟ್ಟಿದೆ; ಅದರ ಜಾಲತಾಣದಲ್ಲಿ ಬಿಜಾಪುರ ಎಂದು ಇಂಗ್ಲಿಷಿನಲ್ಲಿ ಹುಡುಕಿದರೆ ತರಗತಿಯ ಗೋಡೆಯ ಮೇಲೆ ತೋರಿಸಬಹುದಾದಷ್ಟು ದೊಡ್ಡ ಚಿತ್ರಗಳು ಸಿಗುತ್ತವೆ. ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯಕ್ಕೆ ದೆಹಲಿ, ಮುಂಬೈ, ಬೆಂಗಳೂರುಗಳಲ್ಲಿ ಮೂರು ಶಾಖೆಗಳಿರುವುದರಿಂದ ಒಂದು ಕಡೆ ನಡೆದ ಪ್ರಮುಖ ಪ್ರದರ್ಶನ ಇನ್ನೊಂದು ಕಡೆ ಬರುವುದೂ ಉಂಟು. ದೆಹಲಿಯಲ್ಲಿ ತಪ್ಪಿದ್ದರ ಹೆಸರನ್ನು ವಹಿಯ ಕೊನೆಯ ಪುಟದಲ್ಲಿ ಬರೆದಿಟ್ಟರೆ ಬೆಂಗಳೂರಿಗೆ ಬಂದಾಗ ಗುರುತು ಸಿಗುತ್ತದೆ.

ಮಕ್ಕಳನ್ನು ಕರೆದೊಯ್ಯುವುದಕ್ಕೆ ಮೊದಲ ಸಲವೇ ಬೆಂಗಳೂರು ಬೇಡ. ವಿಜಯಪುರದ ಗೋಲಗುಂಬಜ್ ಎದುರಿನ ನಗಾರಖಾನೆಯಲ್ಲಿರುವ ಪುರಾತತ್ವ ಸಂಗ್ರಹಾಲಯದಿಂದ ಆರಂಭಿಸಿ. ಶಾಸನ, ಶಿಲ್ಪ, ಹಸ್ತಪ್ರತಿ, ಚಿಕಣಿ ವರ್ಣಚಿತ್ರ, ರತ್ನಗಂಬಳಿ, ಆಯುಧಗಳು ಅಲ್ಲಿ ಒಂದೇ ಸೂರಿನಡಿ ಇವೆ, ಜಮಖಂಡಿಯಿಂದ ಹೋಗಿ ಸಂಜೆಯೊಳಗೆ ಮರಳಬಹುದು. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಪ್ರವೇಶ ಶುಲ್ಕವಿಲ್ಲ. ಹತ್ತನೆಯ ತರಗತಿಯ ಕೆಲವರು ಹದಿನೈದು ದಾಟಿರಬಹುದಾದ್ದರಿಂದ ಜನ್ಮದಿನಾಂಕವಿರುವ ಪಟ್ಟಿಯನ್ನು ಮುಖ್ಯೋಪಾಧ್ಯಾಯರ ಸಹಿಯೊಡನೆ ಜೊತೆಗಿಟ್ಟುಕೊಳ್ಳಿ. ಬಾದಾಮಿ, ಐಹೊಳೆ, ವಿಜಯಪುರ ಮೂರೂ ಕಡೆಯ ಈ ಸಂಗ್ರಹಾಲಯಗಳಿಗೆ ಶುಕ್ರವಾರ ರಜೆ. ಪ್ರವಾಸದ ದಿನವನ್ನು ನವೆಂಬರ್ 19ರಿಂದ 25ರೊಳಗೆ ಬರುವಂತೆ ಹೊಂದಿಸಿ, ಒಂದು ವಾರ ಮೊದಲೇ ಸಂಗ್ರಹಾಲಯಕ್ಕೆ ಪತ್ರ ಬರೆದರೆ, ಆ ಸಪ್ತಾಹಕ್ಕೆಂದು ಏರ್ಪಡಿಸಿರುವ ಪ್ರದರ್ಶನ ಯಾವುದಾದರೂ ಇದ್ದಲ್ಲಿ ಅದನ್ನೂ ಮಕ್ಕಳಿಗೆ ತೋರಿಸಿ ಬರಬಹುದು.